ಕೆಲಸ ಮುಗಿಸಿ ಬಂದು ಆಡುವವರ ದೇಶದಲ್ಲಿ ಬೆಂಟ್ ಲಾರ್ಸನ್

1956ರ ಮಾಸ್ಕೊ ಚೆಸ್ ಒಲಿಂಪಿಯಾಡ್, ಅಂದರೆ ದೇಶಗಳ ತಂಡಗಳು ಸೆಣಸುವ ಪಂದ್ಯಾವಳಿ. ಡೆನ್ಮಾರ್ಕ್ ತಂಡದ ಮೊದಲ ಬೋರ್ಡಿನಲ್ಲಿ, ಅಂದರೆ ತಂಡದ ಮುಖ್ಯ ಆಟಗಾರನ ಜಾಗದಲ್ಲಿ, ಕೂತಿದ್ದ ಬೆಂಟ್ ಲಾರ್ಸನ್‌ಗೆ ಆಗಿನ್ನೂ 21 ವರ್ಷ. ಊರಲ್ಲಿ ಸಿವಿಲ್ ಎಂಜಿನಿಯರಿಂಗ್ ಓದು ಬಾಕಿ ಇತ್ತು. 18 ಆಟಗಳಲ್ಲಿ 14 ಪಾಯಿಂಟ್ ಬಂತು. ವಿಶ್ವ ಚಾಂಪಿಯನ್ ಬೊಟ್ವಿನಿಕ್ ಜೊತೆಗಿನ ಆಟ ಡ್ರಾ. ಮೊದಲ ಬೋರ್ಡಿನ ಚಿನ್ನ ಲಾರ್ಸನ್ ಪಾಲಾಯಿತು, ಜೊತೆಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ. ಆ ಪಟ್ಟ ಪಡೆದ ಮೊದಲ ಡ್ಯಾನಿಶ್ ಆಟಗಾರ ಅವರೇ.

ಆ ದೇಶದಲ್ಲಿ ಚೆಸ್ ಹೊಸದೇನೂ ಅಲ್ಲ. ಡ್ಯಾನಿಶ್ ಚೆಸ್ ಒಕ್ಕೂಟ ಹುಟ್ಟಿದ್ದೇ 1903ರಲ್ಲಿ. 1927ರಲ್ಲಿ ಲಂಡನ್‌ನಲ್ಲಿ ನಡೆದ ಮೊದಲ ಅಧಿಕೃತ ಒಲಿಂಪಿಯಾಡ್‌ನಲ್ಲಿ ಹಂಗರಿಯ ಹಿಂದೆಯೇ ಎರಡನೇ ಸ್ಥಾನ ಡೆನ್ಮಾರ್ಕ್‌ನದು. ಆ ತಂಡದ ಓರ್ಲಾ ಕ್ರೌಸೆ ವೃತ್ತಿಯಿಂದ ಡಾಕ್ಟರ್. ಸ್ಲಾವ್ ಡಿಫೆನ್ಸ್ ಎಂಬ ಆರಂಭದ ನಡೆಗಳ ಕ್ರಮದಲ್ಲಿ ಅವರ ಹೆಸರಿನ ಒಂದು ದಾರಿಯೇ ಇದೆ. ಹಗಲು ರೋಗಿಗಳು, ಸಂಜೆ ಬೋರ್ಡು. ಡೆನ್ಮಾರ್ಕ್‌ನ ಚೆಸ್ ಬಹುಪಾಲು ಹೀಗೇ ನಡೆಯುತ್ತಿತ್ತು. ಎರಿಕ್ ಆಂಡರ್ಸನ್ 12 ಸಲ ರಾಷ್ಟ್ರೀಯ ಚಾಂಪಿಯನ್ ಆದರು. ಇಷ್ಟಾದರೂ ಅವರ ಹೆಸರು ಹೊರಗೆ ಕೇಳಿದವರು ಕಡಿಮೆ.

ಆಟಗಾರನ ಹೊಟ್ಟೆಪಾಡು ಯಾರು ನೋಡಿಕೊಳ್ಳಬೇಕು? ಈ ಪ್ರಶ್ನೆ ಡೆನ್ಮಾರ್ಕ್‌ಗೆ ಮಾತ್ರ ಸೇರಿದ್ದಲ್ಲ. 1928ರ ಹೇಗ್ ಒಲಿಂಪಿಯಾಡ್ ಅನ್ನು ಹವ್ಯಾಸಿ ಆಟಗಾರರಿಗಷ್ಟೇ ಮೀಸಲಿಟ್ಟಿದ್ದರು. ಚೆಸ್‌ನಿಂದಲೇ ಬದುಕುವವರಿಗೆ ಪ್ರವೇಶ ಇರಲಿಲ್ಲ. ಅದರ ಜೊತೆಗೇ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಶಿಪ್ ಕೂಡ ನಡೆಯಿತು. ಗೆದ್ದವರು ಹಾಲೆಂಡಿನ ಗಣಿತದ ಮೇಷ್ಟ್ರು ಮ್ಯಾಕ್ಸ್ ಯೂವೆ. ಏಳು ವರ್ಷದ ಮೇಲೆ ಅದೇ ಮೇಷ್ಟ್ರು ಅಲೆಖಿನ್ ಅವರನ್ನು ಸೋಲಿಸಿ ನಿಜವಾದ ವಿಶ್ವ ಚಾಂಪಿಯನ್ ಆದರು! ಹವ್ಯಾಸಿ ಅಂದರೆ ಕಮ್ಮಿ ಆಟಗಾರ ಅಂತ ಇನ್ನು ಹೇಗೆ ಹೇಳೋದು? ಅಷ್ಟರೊಳಗೆ ಒಲಿಂಪಿಯಾಡ್ ಬಾಗಿಲು ಮತ್ತೆ ಎಲ್ಲರಿಗೂ ತೆರೆದಿತ್ತು.

ಇತ್ತ ಕೋಪನ್‌ಹೇಗನ್‌ನಲ್ಲಿ ಒಬ್ಬ ಅಪ್ಪಟ ವೃತ್ತಿಪರ ಆಟಗಾರ ಇದ್ದರು, ಆರನ್ ನಿಮ್ಜೊವಿಚ್. ರೀಗಾದಲ್ಲಿ ಹುಟ್ಟಿ 1922ರಲ್ಲಿ ಡೆನ್ಮಾರ್ಕ್‌ಗೆ ಬಂದವರು. 1935ರಲ್ಲಿ ಸಾಯುವ ತನಕ ಬಾಡಿಗೆಯ ಪುಟ್ಟ ಕೋಣೆಯಲ್ಲೇ ಬದುಕಿದರು. ಜಗತ್ತಿನ ಅತಿ ದೊಡ್ಡ ಆಟಗಾರರ ಸಾಲಿನಲ್ಲಿದ್ದವರ ಸ್ಥಿತಿ ಇದು. ಚೆಸ್ ನಂಬಿಕೊಂಡರೆ ಏನಾಗುತ್ತೆ ಅಂತ ಡ್ಯಾನಿಶ್ ಹುಡುಗರಿಗೆ ಕಣ್ಣೆದುರೇ ಕಾಣುತ್ತಿತ್ತು. ಆದರೂ ಅವರ ಜೊತೆ ಆಡಿ ಕಲಿತವರು ಬಹಳ. ಯೆನ್ಸ್ ಎನೆವೊಲ್ಡ್‌ಸನ್ ಎಂಬ ಯುವಕ 1933ರಲ್ಲಿ ಅವರನ್ನೇ ಸೋಲಿಸಿದರು. ಈ ಎನೆವೊಲ್ಡ್‌ಸನ್ ಮುಂದೆ ಐದು ಸಲ ರಾಷ್ಟ್ರೀಯ ಚಾಂಪಿಯನ್: 1939, 1940, 1943, 1948 ಮತ್ತು 1960. ಕೊನೆಯದನ್ನು ಗೆದ್ದಾಗ ಅವರಿಗೆ ಐವತ್ತು ದಾಟಿತ್ತು. ಒಂದು ದೇಶದ ಚೆಸ್ ಯಾವ ಗತಿಯಲ್ಲಿ ಸಾಗುತ್ತಿತ್ತು ಅನ್ನೋದಕ್ಕೆ ಆ ಇಸವಿಗಳ ಪಟ್ಟಿ ಸಾಕು.

ಲಾರ್ಸನ್ ಬೆಳೆದದ್ದು ಕೋಪನ್‌ಹೇಗನ್‌ನಿಂದ ದೂರ, ಪಶ್ಚಿಮ ಯುಟ್ಲಂಡ್‌ನ ಹೋಲ್‌ಸ್ಟೆಬ್ರೊ ಊರಿನಲ್ಲಿ. 1954ರಲ್ಲಿ, 19ನೇ ವಯಸ್ಸಿಗೆ, ಮೊದಲ ಸಲ ಡ್ಯಾನಿಶ್ ಚಾಂಪಿಯನ್ ಆದರು. 1955, 1956, 1959, 1963, 1964ರಲ್ಲಿ ಮತ್ತೆ ಮತ್ತೆ ಅದೇ ಪಟ್ಟ. ಆದರೆ ಮಾಸ್ಕೊ ಆದ ಮೇಲೆ ಎಲ್ಲ ಸಲೀಸಾಗಿ ಹೋಗಲಿಲ್ಲ. ವಿಶ್ವ ಪಟ್ಟದ ಹಾದಿಯ ಅರ್ಹತಾ ಪಂದ್ಯಾವಳಿಯಾದ ಇಂಟರ್‌ಜೋನಲ್ 1958ರಲ್ಲಿ ಪೋರ್ಟೊರೋಜ್‌ನಲ್ಲಿ ನಡೆದಾಗ 16ನೇ ಸ್ಥಾನಕ್ಕೆ ಜಾರಿದರು. ನಡುವೆ ಸೈನ್ಯದ ಕಡ್ಡಾಯ ಸೇವೆ. ಎಂಜಿನಿಯರಿಂಗ್ ಪದವಿ ಕೊನೆಗೂ ಮುಗಿಯಲೇ ಇಲ್ಲ.

ಎದುರಾಳಿಗಳ ಕಥೆಯೇ ಬೇರೆ. ಸೋವಿಯತ್ ಒಕ್ಕೂಟದಲ್ಲಿ ಕಾಗದದ ಮೇಲೆ ವೃತ್ತಿಪರ ಆಟಗಾರರೇ ಇರಲಿಲ್ಲ. ಒಬ್ಬರು ಪತ್ರಕರ್ತರು, ಇನ್ನೊಬ್ಬರು ವಿದ್ಯಾರ್ಥಿ, ಮತ್ತೊಬ್ಬರು ತರಬೇತುದಾರರು. ಬೊಟ್ವಿನಿಕ್ ಮಾತ್ರ ನಿಜಕ್ಕೂ ಎಲೆಕ್ಟ್ರಿಕಲ್ ಎಂಜಿನಿಯರ್. ಉಳಿದ ಅನೇಕರಿಗೆ ಸರ್ಕಾರದಿಂದ ತಿಂಗಳು ತಿಂಗಳು ಹಣ ಬರುತ್ತಿತ್ತು, ಮಾಡಬೇಕಾದ ಕೆಲಸ ಚೆಸ್ ಒಂದೇ. ಅವರು ಲೆಕ್ಕಕ್ಕೆ ಹವ್ಯಾಸಿಗಳು. ಯಾರ ಆಸರೆಯೂ ಇಲ್ಲದ ಲಾರ್ಸನ್ ವೃತ್ತಿಪರ! ನಗು ಬರುತ್ತೆ, ಅಲ್ವಾ? ಬಹುಮಾನದ ಹಣ, ಪತ್ರಿಕೆಯ ಅಂಕಣ, ಪುಸ್ತಕ, ಊರೂರಿಗೆ ಹೋಗಿ ಒಟ್ಟಿಗೆ ಹತ್ತಾರು ಜನರೊಡನೆ ಆಡುವ ಪ್ರದರ್ಶನ ಪಂದ್ಯ, ಇವೇ ಅವರ ಸಂಪಾದನೆ.

ಅವರು ಗೆಲ್ಲೋಕೆ ಅಂತಲೇ ಆಡುತ್ತಿದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಡ್ರಾ ಮಾಡಿಕೊಂಡು ನಾಲ್ಕನೇ ಸ್ಥಾನ ಹಿಡಿದರೆ ಮುಂದಿನ ತಿಂಗಳ ಬಾಡಿಗೆ ಹುಟ್ಟೋದಿಲ್ಲ. ಸುಮ್ನೆ ಸ್ವಭಾವವೂ ಹಾಗೇ ಇತ್ತು ಅನ್ನಿ.

1966ರಲ್ಲಿ ಅಮೆರಿಕದ ಸಾಂಟಾ ಮೋನಿಕಾದಲ್ಲಿ ನಡೆದ ಪಿಯಾಟಿಗೋರ್ಸ್ಕಿ ಕಪ್ ನೋಡಿ. ಎದುರಿಗೆ ವಿಶ್ವ ಚಾಂಪಿಯನ್ ಪೆಟ್ರೋಸಿಯನ್. ಅವರನ್ನು ಸೋಲಿಸುವುದೇ ಕಷ್ಟ ಎಂದು ಹೆಸರಾದವರು. ಬಿಳಿ ಕಾಯಿ ಲಾರ್ಸನ್‌ದು. 25ನೇ ನಡೆಯಲ್ಲಿ ತಮ್ಮ ರಾಣಿಯಿಂದ ಜಿ6 ಮನೆಯ ಕಾಲಾಳನ್ನು ಹೊಡೆದರು. ರಾಜನ ಪಕ್ಕದ ಕಾಲಾಳಿಗೆ ರಾಣಿ ಪುಕ್ಕಟೆ ತುತ್ತು. ಪೆಟ್ರೋಸಿಯನ್ ತಕ್ಷಣ ತಿನ್ನಲಿಲ್ಲ, ಮೊದಲು ಕುದುರೆಯನ್ನು ಎಫ್4ಕ್ಕೆ ಹಾಕಿದರು. ಲಾರ್ಸನ್ ಅದನ್ನು ಆನೆಯಿಂದ ಹೊಡೆದರು. ಈಗ ರಾಣಿ ಹೋಯಿತು. ಆಮೇಲೆ ಒಂಟೆ ಇ6ಕ್ಕೆ ಬಂದು ಚೆಕ್. ಅಡ್ಡ ಬಂದ ಕಪ್ಪು ಆನೆಯೂ ಹೋಯಿತು. ರಾಜ ಮೂಲೆಗೆ ಸರಿದ. ಲಾರ್ಸನ್‌ರ ಇನ್ನೊಂದು ಆನೆ ಜಿ ಸಾಲಿಗೆ ಬಂತು. 30ನೇ ನಡೆಗೆ ಚಾಂಪಿಯನ್ ಸೋಲೊಪ್ಪಿದರು. ಅದೇ ಪಂದ್ಯಾವಳಿಯಲ್ಲಿ ಕಪ್ಪು ಕಾಯಿಯಲ್ಲೂ ಲಾರ್ಸನ್ ಪೆಟ್ರೋಸಿಯನ್‌ರನ್ನು ಸೋಲಿಸಿದರು.

1967 ಅವರ ಸುಗ್ಗಿಯ ವರ್ಷ. ಹವಾನಾ ಮತ್ತು ಪಾಲ್ಮಾದಲ್ಲಿ ಮೊದಲ ಸ್ಥಾನ, ವಿನ್ನಿಪೆಗ್‌ನಲ್ಲಿ ಹಂಚಿಕೊಂಡ ಮೊದಲ ಸ್ಥಾನ. ಸೂಸ್ ಇಂಟರ್‌ಜೋನಲ್ ಕೂಡ ಅವರದೇ. ಅಲ್ಲಿ ಮುಂದಿದ್ದ ಅಮೆರಿಕದ ಬಾಬಿ ಫಿಷರ್ ಜಗಳವಾಡಿ ನಡುವೆಯೇ ಎದ್ದು ಹೋಗಿದ್ದರು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಚೆಸ್ ಆಸ್ಕರ್ ಶುರುವಾದ ಆ ವರ್ಷವೇ ಅದು ಲಾರ್ಸನ್‌ಗೆ ಸಂದಿತು. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ತಂಡಕ್ಕೂ ಉಳಿದ ಜಗತ್ತಿಗೂ ಪಂದ್ಯ ಏರ್ಪಟ್ಟಾಗ ಮೊದಲ ಬೋರ್ಡು ತನಗೇ ಬೇಕೆಂದು ಲಾರ್ಸನ್ ಪಟ್ಟು ಹಿಡಿದರು. ಆಗ ಕೆಲಕಾಲ ಆಟದಿಂದ ದೂರವಿದ್ದ ಫಿಷರ್ ಎರಡನೇ ಬೋರ್ಡಿಗೆ ಒಪ್ಪಿಕೊಂಡರು. ಆ ಪಂದ್ಯದಲ್ಲಿ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರು 17 ನಡೆಗಳಲ್ಲಿ ಸೋತದ್ದೂ ಲಾರ್ಸನ್‌ರೇ.

ಮರುವರ್ಷ ಡೆನ್ವರ್‌ನಲ್ಲಿ, ಸುಡುವ ಜುಲೈನಲ್ಲಿ, ಫಿಷರ್ ಎದುರು ಲಾರ್ಸನ್ 6–0 ಅಂತರದಲ್ಲಿ ಸೋತರು. ಜನ ಈಗಲೂ ಜಾಸ್ತಿ ನೆನೆಯುವುದು ಅದೊಂದನ್ನೇ. ಅದು ಅನ್ಯಾಯ. ಅದಾದ ಮೇಲೂ 1976ರಲ್ಲಿ ಬೀಲ್ ಇಂಟರ್‌ಜೋನಲ್ ಗೆದ್ದರು. 1979ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಕಾರ್ಪೊವ್‌ರನ್ನು ಸ್ಕ್ಯಾಂಡಿನೇವಿಯನ್ ಡಿಫೆನ್ಸ್ ಆಡಿ ಸೋಲಿಸಿದರು. ಆ ಮಟ್ಟದಲ್ಲಿ ಆಗ ಯಾರೂ ನೆಚ್ಚದ ಆರಂಭ ಅದು.

ಮುಂದೆ ಅವರು ಅರ್ಜೆಂಟೀನಾದಲ್ಲಿ ನೆಲೆಸಿದರು. 2010ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು. ಇತ್ತ ಡೆನ್ಮಾರ್ಕ್‌ನಲ್ಲಿ 1980ರ ದಶಕದಲ್ಲಿ ಕರ್ಟ್ ಹ್ಯಾನ್ಸನ್ ಗ್ರ್ಯಾಂಡ್‌ಮಾಸ್ಟರ್ ಆದರು. ತಡವಾಗಿ ಬಂದವರೂ ಇದ್ದಾರೆ. 1979ರಲ್ಲೂ 1982ರಲ್ಲೂ ಡ್ಯಾನಿಶ್ ಚಾಂಪಿಯನ್ ಆಗಿದ್ದ ಯೆನ್ಸ್ ಕ್ರಿಸ್ಟಿಯನ್ಸನ್‌ಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಕ್ಕಿದ್ದು 2012ರಲ್ಲಿ, ಹಿರಿಯರ ವಿಶ್ವ ಚಾಂಪಿಯನ್‌ಶಿಪ್ ಗೆದ್ದು, 60ನೇ ವಯಸ್ಸಿನಲ್ಲಿ.