ಸೂರ್ಯನಿಗಿಂತ ಚಂದ್ರನ ಕೈ ಮೇಲಾದದ್ದು ಹೇಗೆ?

ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಲು ನೀರಿಗಿಳಿಯುವವರು ಇಳಿತದ ಹೊತ್ತು ತಿಳಿದೇ ಹೊರಡಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಕಡಲು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿ ಕಳೆದ ಮೇಲೆ ಏರಿಳಿತ ಸಣ್ಣದು. ಉಬ್ಬರ ದಿನಕ್ಕೆರಡು ಬಾರಿ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಚಂದ್ರನಿಗೂ ಇದಕ್ಕೂ ನಂಟಿದೆಯೆಂದು ಗ್ರೀಕ್ ನಾವಿಕ ಪೈಥಿಯಾಸ್ ಕ್ರಿ.ಪೂ. 4ನೇ ಶತಮಾನದಲ್ಲೇ ಗುರುತಿಸಿದ್ದ. ಕಾರಣ ಸಿಗಲು ಮಾತ್ರ ಎರಡು ಸಾವಿರ ವರ್ಷ ಬೇಕಾಯಿತು.

1609ರಲ್ಲಿ ಜರ್ಮನ್ ಖಗೋಳಜ್ಞ ಕೆಪ್ಲರ್, ಚಂದ್ರನೇ ನೀರನ್ನು ಸೆಳೆಯುತ್ತಾನೆ ಎಂದ. ಗೆಲಿಲಿಯೊ ಅದನ್ನು ಒಪ್ಪಲಿಲ್ಲ. ಭೂಮಿಯ ಚಲನೆಯಿಂದಲೇ ಕಡಲು ತುಳುಕುತ್ತದೆ ಎಂದು 1632ರಲ್ಲಿ ವಾದಿಸಿದ. ಭೂಮಿ ಚಲಿಸುತ್ತದೆ ಎನ್ನಲು ಅವನಿಗೆ ಪುರಾವೆ ಬೇಕಿತ್ತು. ಆದರೆ ಆ ಲೆಕ್ಕದಲ್ಲಿ ದಿನಕ್ಕೆ ಒಂದೇ ಉಬ್ಬರ ಬರಬೇಕಿತ್ತು. ಅಂಥ ದೊಡ್ಡ ಮನುಷ್ಯನೂ ಇಲ್ಲಿ ಎಡವಿದ ಎನ್ನುವುದೇ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂದು ಹೇಳುತ್ತದೆ.

ಗಂಟು ಬಿಚ್ಚಿದ್ದು 1687ರಲ್ಲಿ ನ್ಯೂಟನ್. ಚಂದ್ರ ತನ್ನತ್ತ ಇರುವ ನೀರನ್ನು, ಭೂಮಿಯನ್ನು ಎಳೆಯುವುದಕ್ಕಿಂತ ತುಸು ಹೆಚ್ಚು ಎಳೆಯುತ್ತಾನೆ. ಆಚೆ ಬದಿಯ ನೀರನ್ನು, ಭೂಮಿಯನ್ನು ಎಳೆಯುವುದಕ್ಕಿಂತ ತುಸು ಕಡಿಮೆ. ಹಾಗಾಗಿ ಈಚೆಗೂ ಉಬ್ಬು, ಆಚೆಗೂ ಉಬ್ಬು. ಉಬ್ಬರ ಹುಟ್ಟುವುದು ಸೆಳೆತದಿಂದಲ್ಲ, ಸೆಳೆತದ ವ್ಯತ್ಯಾಸದಿಂದ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಸೆಳೆಯುತ್ತಾನೆ. ಆದರೂ ಅವನು ಏರಿಸುವ ಉಬ್ಬರ ಚಂದ್ರನದರ ಅರ್ಧಕ್ಕಿಂತ ಕಡಿಮೆ, ಸುಮಾರು ಶೇ 46. ಅಷ್ಟು ದೂರದಿಂದ ನೋಡಿದರೆ ಭೂಮಿಯ ಈಚೆ ಬದಿ, ಆಚೆ ಬದಿ ಎರಡೂ ಹೆಚ್ಚುಕಡಿಮೆ ಒಂದೇ. ದೂರ ಇಮ್ಮಡಿಯಾದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ, ಉಬ್ಬರದ ಬಲವೋ ಎಂಟನೇ ಒಂದು ಭಾಗಕ್ಕೆ. ಹುಣ್ಣಿಮೆ, ಅಮಾವಾಸ್ಯೆಗೆ ಇಬ್ಬರ ಪಾಲೂ ಕೂಡುತ್ತದೆ. ಅಷ್ಟಮಿಯ ಹೊತ್ತಿಗೆ ಒಂದು ಇನ್ನೊಂದನ್ನು ಕಳೆಯುತ್ತದೆ.

ಇಷ್ಟಾದರೂ ಒಂದೇ ಅರಬ್ಬಿ ಸಮುದ್ರದ ನೀರು ಮಂಗಳೂರಿನಲ್ಲಿ ಎರಡು ಮೀಟರಿನೊಳಗೆ ಏರಿಳಿದು, ಗುಜರಾತಿನ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರ್ ದಾಟುವುದೇಕೆ? ನೀರು ಹರಿಯಬೇಕು, ದಡಕ್ಕೆ ತಾಗಬೇಕು, ಕಿರಿದಾಗುವ ಕೊಲ್ಲಿಯಲ್ಲಿ ಒತ್ತಿ ಮೇಲೇರಬೇಕು. ಹರಿಯುವ ನೀರಿನ ಈ ಗಣಿತವನ್ನು 1770ರ ದಶಕದಲ್ಲಿ ಕಟ್ಟಿದವನು ಫ್ರೆಂಚ್ ಗಣಿತಜ್ಞ ಲಾಪ್ಲಾಸ್. ಮುಂದೆ ಬ್ರಿಟಿಷ್ ವಿಜ್ಞಾನಿ ಕೆಲ್ವಿನ್ ಹಲ್ಲುಚಕ್ರ, ರಾಟೆಗಳ ಯಂತ್ರದಿಂದ ಉಬ್ಬರವನ್ನು ಮುಂಗಡವಾಗಿ ಲೆಕ್ಕಹಾಕಿದ. 1879ರಲ್ಲಿ ಭಾರತದ ಬಂದರುಗಳಿಗೆಂದೇ ಅಂಥದೊಂದು ಯಂತ್ರ ತಯಾರಾಯಿತು. ಈಗ ಉಬ್ಬರದ ಕೋಷ್ಟಕ ಪ್ರಕಟಿಸುವುದು ಭಾರತೀಯ ಸರ್ವೇಕ್ಷಣಾ ಇಲಾಖೆ. ಅದರಲ್ಲಿ ಸೂರ್ಯ, ಚಂದ್ರರ ಪಾಲು ಸಿಗುತ್ತದೆ. ಚಂಡಮಾರುತದ ಗಾಳಿ ಅದರ ಮೇಲೆ ನೂಕುವ ನೀರಿನ ಲೆಕ್ಕವನ್ನು ಆಯಾ ದಿನವೇ ಬೇರೆಯಾಗಿ ಹಾಕಬೇಕು.