ಹಣದುಬ್ಬರ ಇಳಿದರೂ ಖರ್ಚು ಯಾಕೆ ಇಳಿಯುವುದಿಲ್ಲ?

‘ಆರ್ಥಿಕತೆ ಸುಧಾರಿಸಿದೆ ಅಂತಾರಲ್ಲ ಸರ್, ನಮ್ಮ ಮನೆ ಖರ್ಚು ಯಾಕೆ ಇಳಿದಿಲ್ಲ?’ ಹಣಕಾಸಿನ ಸಲಹೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಯಿದು. ಟಿವಿಯಲ್ಲಿ ಮಾತಾಡುವವರ ತಲೆಯಲ್ಲಿ ಜಿಡಿಪಿಯೋ ಷೇರುಪೇಟೆಯೋ ಇರುತ್ತದೆ. ಕೇಳುವವರಿಗೆ ಆರ್ಥಿಕತೆ ಅಂದರೆ ಕೆಲಸ, ಸಂಬಳ, ತಿಂಗಳ ಕೊನೆಗೆ ಉಳಿಯುವ ದುಡ್ಡು. ಅದರಲ್ಲಿ ತಪ್ಪೇನಿಲ್ಲ. ಆದರೆ ಹಣದುಬ್ಬರ ಇಳಿಯಿತು ಅಂದ ಕೂಡಲೇ ಬೆಲೆ ಇಳಿಯಿತು ಅಂದುಕೊಳ್ಳುತ್ತಾರಲ್ಲ, ಅದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ನನಗೆ ಸಾಲದು.

ಹಣದುಬ್ಬರ ಅಳೆಯುವುದು ಬೆಲೆ ಏರುವ ವೇಗವನ್ನು. ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ವಾರ್ಷಿಕ ಹಣದುಬ್ಬರ ಶೇ 9.1ರಷ್ಟಿತ್ತು. ಮರುವರ್ಷದ ಜೂನ್ ಹೊತ್ತಿಗೆ ಶೇ 3ಕ್ಕೆ ಬಂತು. ಈಗ ಲೆಕ್ಕ ಹಾಕಿ: 2021ರ ಜೂನ್‌ನಲ್ಲಿ 100 ಡಾಲರ್‌ಗೆ ಬರುತ್ತಿದ್ದ ಸಾಮಾನಿಗೆ ಒಂದು ವರ್ಷದಲ್ಲಿ 109 ಡಾಲರ್ ಆಯಿತು, ಇನ್ನೊಂದು ವರ್ಷಕ್ಕೆ 112 ದಾಟಿತು. ‘ಹಣದುಬ್ಬರ ಇಳಿಯಿತು’ ಎಂಬ ಸುದ್ದಿ ನಿಜ, ಬಿಲ್ ಜಾಸ್ತಿಯಾದದ್ದೂ ನಿಜ. ಒಟ್ಟಾರೆ ಬೆಲೆ ಇಳಿಯಬೇಕಾದರೆ ಆ ದರ ಸೊನ್ನೆಗಿಂತ ಕೆಳಗೆ ಹೋಗಬೇಕು. ದೇಶದ ಹಣ, ಬಡ್ಡಿದರ ನೋಡಿಕೊಳ್ಳುವ ಕೇಂದ್ರ ಬ್ಯಾಂಕುಗಳಿಗೇ ಅದು ಬೇಡ. ಅಮೆರಿಕದ ಫೆಡರಲ್ ರಿಸರ್ವ್ ಗುರಿಯೇ ವರ್ಷಕ್ಕೆ ಶೇ 2ರ ಏರಿಕೆ. ಬೆಲೆಗಳು ಬೀಳುತ್ತಾ ಹೋದರೆ ವ್ಯಾಪಾರ, ಸಂಬಳಗಳೂ ಕುಗ್ಗುತ್ತವೆ, ಸಾಲದ ಕಂತು ಮಾತ್ರ ಹಾಗೇ ಉಳಿಯುತ್ತದೆ. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಆದದ್ದು ಅದೇ.

ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ತಿಂಗಳ ಖರ್ಚನ್ನೂ ನೋಟ್‌ಬುಕ್‌ನಲ್ಲಿ ದುಂಡಗೆ ಬರೆದಿಡುತ್ತಾರೆ. ಹಣದುಬ್ಬರ ಇಳಿದ ಸುದ್ದಿ ಓದಿ, ಮುಂದಿನ ವರ್ಷದ ಖರ್ಚನ್ನು ಕಮ್ಮಿ ಹಾಕಿಕೊಂಡು, ಮಿಗುವ ದುಡ್ಡನ್ನು ಐದು ವರ್ಷದ ಠೇವಣಿಗೆ ಕಟ್ಟಲು ಹೊರಟಿದ್ದರು. ‘ಮೇಷ್ಟ್ರೇ, ಹಿಂದಿನ ಪುಟ ತೆಗೀರಿ’ ಅಂದೆ. ಎರಡು ವರ್ಷದ ಒಂದೇ ತಿಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಔಷಧಿ, ಬಾಡಿಗೆ, ಕರೆಂಟು: ಒಂದೂ ಇಳಿದಿರಲಿಲ್ಲ, ಏರಿಕೆ ಮಾತ್ರ ಸಣ್ಣದಾಗಿತ್ತು. ಠೇವಣಿ ಅಲ್ಲಿಗೇ ನಿಂತಿತು. ಅವರ ಶಿಸ್ತು ಕಂಡರೆ ನನಗೆ ಬಹಳ ಗೌರವ, ಅದಕ್ಕೇ ಆ ಯೋಜನೆ ನೋಡಿ ಅಷ್ಟು ಸಂಕಟವಾಯಿತು.

ಒಂದೊಂದು ವಸ್ತುವಿನ ಬೆಲೆ ಇಳಿಯಬಹುದು. ಸರ್ಕಾರದ ಅಂಕಿ ಸರಾಸರಿಯದ್ದು, ನಿಮ್ಮ ಮನೆಯ ಲೆಕ್ಕ ಅದಕ್ಕಿಂತ ಬೇರೆಯಾಗಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಸಂಬಳ ಹೆಚ್ಚಾಯಿತೇ ಅಂತ ನೋಡುವಾಗ ಕಳೆದ ವರ್ಷಕ್ಕೆ ಮಾತ್ರ ಹೋಲಿಸಬೇಡಿ. ಬೆಲೆ ಜೋರಾಗಿ ಏರಲು ಶುರುವಾದದ್ದಕ್ಕೂ ಮುಂಚಿನ ಸಂಬಳ ಎಷ್ಟಿತ್ತು, ಆಗಿನ ಖರ್ಚು ಎಷ್ಟಿತ್ತು, ಅಲ್ಲಿಂದ ಲೆಕ್ಕ ಹಿಡಿಯಿರಿ.