ಬೇಸಿಗೆ ರಜೆಗೆ ಸ್ಪೇನ್ ಕಡಲತೀರ, ಜೊತೆಗೆ ಪೋರ್ಟ್‌ಅವೆಂತೂರಾ: ಯಾವಾಗ, ಎಲ್ಲಿ, ಎಷ್ಟು ದಿನ?

ಓದುಗರ ಪ್ರಶ್ನೆ: ನಮ್ಮ ಮಕ್ಕಳಿಗೆ 6 ಮತ್ತು 11 ವರ್ಷ. ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಸ್ಪೇನ್‌ಗೆ ಹೋಗಿ, ಒಂದು ವಾರ ಕಡಲತೀರದಲ್ಲಿದ್ದು ಪೋರ್ಟ್‌ಅವೆಂತೂರಾ ಥೀಮ್ ಪಾರ್ಕ್ ನೋಡಿಕೊಂಡು ಬರಬೇಕೆಂದಿದೆ. ನಾವು ಸಸ್ಯಾಹಾರಿಗಳು. ಯಾವಾಗ ಹೋಗುವುದು ಒಳ್ಳೆಯದು? ಪಾರ್ಕಿನ ಹೋಟೆಲಿನಲ್ಲೇ ಇರಬೇಕೇ? ಪಾರ್ಕಿಗೆ ಎಷ್ಟು ದಿನ ಬೇಕು?

ಉತ್ತರ: ಪಾರ್ಕಿಗೆ ಎರಡು ದಿನ ಸಾಕು. ಇರುವುದಕ್ಕೆ ಪಕ್ಕದ ಸಾಲೌ ಊರಿನಲ್ಲಿ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಒಳ್ಳೆಯದು. ತೊಡಕಿರುವುದು ‘ಯಾವಾಗ’ ಎನ್ನುವುದರಲ್ಲಿ. ನಮ್ಮ ಬೇಸಿಗೆ ರಜೆಗೂ ಸ್ಪೇನಿನ ಬೇಸಿಗೆಗೂ ತಾಳೆಯಾಗುವುದಿಲ್ಲ.

ಕರ್ನಾಟಕದಲ್ಲಿ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಸಾಲೌ ಇರುವ ಕೋಸ್ಟಾ ದೌರಾದಾ ಕರಾವಳಿಯಲ್ಲಿ ಬಿಸಿಲು ಹಿತವಾಗಿರುತ್ತದೆ, ನೀರು ಮಾತ್ರ ತಣ್ಣಗೆ ಕೊರೆಯುತ್ತದೆ. ಏಪ್ರಿಲ್‌ನಲ್ಲಿ ಸಮುದ್ರದ ನೀರು ಸುಮಾರು 14-15 ಡಿಗ್ರಿ, ಮೇ ಕೊನೆಗೆ 18ರ ಆಸುಪಾಸು. ಅದೇ ಹೊತ್ತಿಗೆ ಮಲ್ಪೆಯ ನೀರು 29-30 ಡಿಗ್ರಿ ಇರುತ್ತದೆ. ಆ ನೀರಿನಲ್ಲಿ ಗಂಟೆಗಟ್ಟಲೆ ಆಡಿದ ಮಕ್ಕಳು ಇಲ್ಲಿ ಕಾಲು ಅದ್ದಿ ಓಡಿ ಬರುತ್ತಾರೆ. ಜೂನ್ ಮಧ್ಯಕ್ಕೆ 21, ಆಗಸ್ಟ್‌ನಲ್ಲಿ 25-26ಕ್ಕೆ ಏರಿದ ಮೇಲಷ್ಟೇ ಅದು ಆಡುವ ನೀರು. ಪಾರ್ಕಿಗೆ ಅಂಟಿಕೊಂಡಿರುವ ಜಲಕ್ರೀಡಾ ಪಾರ್ಕ್ ‘ಕರೀಬೆ’ ಕೂಡ ಬೇಸಿಗೆ ಶುರುವಾಗುವ ಹೊತ್ತಿಗೇ ಬಾಗಿಲು ತೆರೆಯುತ್ತದೆ. ಏಪ್ರಿಲ್‌ನಲ್ಲಿ ಹೋದವರಿಗೆ ಸಿಗುವುದು ಥೀಮ್ ಪಾರ್ಕಿನ ಪ್ರವಾಸ, ಕಡಲ ರಜೆಯಲ್ಲ. ಈಸ್ಟರ್ ವಾರದಲ್ಲಿ ಹೋದರಂತೂ ಅರ್ಧ ಸ್ಪೇನ್ ಅಲ್ಲೇ ಇರುತ್ತದೆ.

ಶಾಲೆ ತಪ್ಪಿಸಲಾಗದಿದ್ದರೆ ಮೇ ಕೊನೆಯ ವಾರವನ್ನೇ ಹಿಡಿಯಿರಿ. ಹೋಟೆಲ್ ಅಥವಾ ಅಪಾರ್ಟ್‌ಮೆಂಟ್ ಬುಕ್ ಮಾಡುವಾಗ ‘ಪಿಸೀನಾ ಕ್ಲಿಮತಿಸಾದಾ’, ಅಂದರೆ ನೀರು ಬೆಚ್ಚಗಿರುವ ಈಜುಕೊಳ ಇದೆಯೇ ಎಂದು ನೋಡಿ. ಬರೀ ಈಜುಕೊಳದ ಫೋಟೊ ನೋಡಿ ಮೋಸಹೋಗುವುದೇ ಹೆಚ್ಚು. ಮೇ ತಿಂಗಳಲ್ಲಿ ಆ ಕೊಳದ ನೀರು ಸಮುದ್ರದಷ್ಟೇ ತಣ್ಣಗಿರಬಹುದು. ಜೂನ್‌ನಲ್ಲಿ ಒಂದು ವಾರ ಶಾಲೆಗೆ ರಜೆ ಹಾಕಲು ಸಾಧ್ಯವಾದರೆ 10ರಿಂದ 20ರೊಳಗಿನ ದಿನಗಳು ಎಲ್ಲಕ್ಕಿಂತ ಚೆನ್ನ: ನೀರು ಹದವಾಗಿರುತ್ತದೆ, ಸ್ಪೇನಿನ ಶಾಲೆಗಳಿಗೆ ಇನ್ನೂ ರಜೆ ಬಂದಿರುವುದಿಲ್ಲ. ವಾರದ ದಿನಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಆದರೂ ಆಗಸ್ಟ್‌ನ ಗದ್ದಲಕ್ಕೆ ಅದು ಏನೂ ಅಲ್ಲ. ಜೂನ್ 23ರ ರಾತ್ರಿ ಸಂತ್ ಜೊವಾನ್ ಹಬ್ಬ. ಕಡಲತೀರದಲ್ಲಿ ಬೆಳಗಿನ ತನಕ ಬೆಂಕಿ, ಪಟಾಕಿ. ನೋಡಲು ಸೊಗಸು, ಆದರೆ ತೀರಕ್ಕೆ ಮುಖ ಮಾಡಿರುವ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವುದು ಕಷ್ಟ.

ಯುರೋಪಿನಲ್ಲೇ ನೆಲೆಸಿರುವ ಕನ್ನಡಿಗರ ಲೆಕ್ಕ ಬೇರೆ. ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆಯವರಿಗೆ ಶಾಲಾ ರಜೆ ಸೆಪ್ಟೆಂಬರ್ ಎರಡನೇ ವಾರದವರೆಗೂ ಇರುವುದರಿಂದ ಸೆಪ್ಟೆಂಬರ್ ಮೊದಲ ವಾರ ಅವರ ಪಾಲಿನ ಲಾಭ: ನೀರು ಬೆಚ್ಚಗೆ, ಜನ ಕಡಿಮೆ. ಆಗಸ್ಟ್ ಕೊನೆಯಿಂದ ಆಗಾಗ ಗುಡುಗು ಮಳೆ ಬರುವುದೊಂದೇ ತೊಂದರೆ.

ಮಗುವಿನ ಎತ್ತರ ಅಳೆದು ಟಿಕೆಟ್ ಕೊಳ್ಳಿ

1995ರಲ್ಲಿ ಶುರುವಾದ ಪೋರ್ಟ್‌ಅವೆಂತೂರಾ ಬಾರ್ಸಿಲೋನಾದಿಂದ ನೈಋತ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ಸಾಲೌ ಮತ್ತು ವಿಲಾಸೆಕಾ ಊರುಗಳ ನಡುವೆ ಇದೆ. ಇಲ್ಲಿ ಒಂದು ವಿಚಿತ್ರವಿದೆ. ಟಿಕೆಟ್ ದರ ನಿಂತಿರುವುದು ವಯಸ್ಸಿನ ಮೇಲೆ, ಸವಾರಿ ಸಿಗುವುದು ಎತ್ತರದ ಮೇಲೆ. 4ರಿಂದ 10 ವರ್ಷದವರಿಗೆ ಮಕ್ಕಳ ದರ, 11 ತುಂಬಿದರೆ ದೊಡ್ಡವರ ದರ. ನಿಮ್ಮ ಹಿರಿಯ ಮಗುವಿಗೆ ಪೂರ್ತಿ ಹಣ ಕೊಟ್ಟ ಮೇಲೂ ಎತ್ತರ 1.40 ಮೀಟರ್ ಮುಟ್ಟದಿದ್ದರೆ ಪಾರ್ಕಿನ ಹೆಸರು ಗಳಿಸಿಕೊಟ್ಟ ಸವಾರಿಗಳೇ ಕೈತಪ್ಪುತ್ತವೆ. ಎಂಟು ಬಾರಿ ತಲೆಕೆಳಗು ಮಾಡುವ ಡ್ರ್ಯಾಗನ್ ಖಾನ್, 76 ಮೀಟರ್ ಎತ್ತರದ ಶಂಭಾಲಾ, ನಿಂತಲ್ಲಿಂದ ಮೂರೇ ಸೆಕೆಂಡಿನಲ್ಲಿ ಗಂಟೆಗೆ 135 ಕಿ.ಮೀ. ವೇಗ ಹಿಡಿಯುವ ಫೂರಿಯುಸ್ ಬಾಕೊ, ಎತ್ತರದಿಂದ ದಢಕ್ಕನೆ ಬೀಳಿಸುವ ಹುರಕಾನ್ ಕೊಂದೋರ್, ಎಲ್ಲದಕ್ಕೂ 1.40 ಬೇಕು. ಪಕ್ಕದ ಇನ್ನೊಂದು ಪಾರ್ಕ್ ಫೆರಾರಿ ಲ್ಯಾಂಡಿನ 112 ಮೀಟರ್ ಎತ್ತರದ ರೆಡ್ ಫೋರ್ಸ್‌ಗೂ ಅಷ್ಟೇ.

ಆದ್ದರಿಂದ ಮನೆಯಲ್ಲೇ, ಬರಿಗಾಲಿನಲ್ಲಿ, ಗೋಡೆಗೆ ಒರಗಿಸಿ ಅಳೆಯಿರಿ. ಸವಾರಿಯ ಬಾಗಿಲಲ್ಲಿ ಅಳತೆಗೋಲು ಇರುತ್ತದೆ, ಒಂದು ಸೆಂಟಿಮೀಟರ್ ಕಡಿಮೆಯಾದರೂ ಬಿಡುವುದಿಲ್ಲ. ಇದು ಸೀಟಿನ ಮೇಲಿನ ಹಿಡಿ ಮೈಗೆ ಸರಿಯಾಗಿ ಕೂರಬೇಕಾದ ವಿಷಯ, ಬೇಡಿಕೊಂಡು ಉಪಯೋಗವಿಲ್ಲ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಬಾಗಿಲಲ್ಲಿ ವಾಪಸಾದ ಮಗುವಿನ ಮುಖ ನೋಡುವುದಕ್ಕಿಂತ ಮೊದಲೇ ತಿಳಿಸಿಬಿಡುವುದು ವಾಸಿ. 1.40 ಮುಟ್ಟದಿದ್ದರೆ ಫೆರಾರಿ ಲ್ಯಾಂಡ್ ಸೇರಿಸಿದ ಟಿಕೆಟ್‌ಗೆ ಹೆಚ್ಚು ಹಣ ಹಾಕಬೇಡಿ. ಅಲ್ಲಿ ಚಿಕ್ಕಮಕ್ಕಳ ಆಟಗಳಿವೆ ನಿಜ, ಆದರೆ ಜನ ಅಲ್ಲಿಗೆ ಹೋಗುವುದೇ ಆ ಒಂದು ಸವಾರಿಗೆ. ಅದೂ ಗಾಳಿ ಜೋರಾದರೆ ನಿಂತುಬಿಡುತ್ತದೆ. ಹೋಗುವುದೇ ಆದರೆ ಗಾಳಿಯಿಲ್ಲದ ದಿನದ ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಿ ಮುಗಿಸಿ.

6 ವರ್ಷದವರಿಗೆ ಸೆಸಮೊ ಅವೆಂತೂರಾ ಎಂಬ ಭಾಗವೇ ಇದೆ. ಅರ್ಧ ದಿನ ಅಲ್ಲೇ ಕಳೆಯುತ್ತದೆ. ನೀರಿನ ಸವಾರಿಗಳಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ರ‍್ಯಾಪಿಡ್ಸ್ ಮತ್ತು ದೋಣಿಯಲ್ಲಿ ಕುಳಿತು ಪಿಚಕಾರಿ ಹೊಡೆಯುವ ಅಂಕೋರ್ ಇಬ್ಬರು ಮಕ್ಕಳಿಗೂ ಹಿಡಿಸುತ್ತವೆ. ಅಂಕೋರ್‌ನಲ್ಲಿ ಒಣಗಿದ ಬಟ್ಟೆಯಲ್ಲಿ ಇಳಿದವರಿಲ್ಲ. ಆಮೇಲೆ ಬದಲಿಸಲು ಮಕ್ಕಳಿಗೊಂದು ಜೊತೆ ಬಟ್ಟೆ, ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ.

ಎರಡು ದಿನ ಏಕೆ, ಹೇಗೆ

ಒಂದೇ ದಿನದಲ್ಲಿ ಎಲ್ಲ ಮುಗಿಸುತ್ತೇವೆ ಎಂದು ಹೊರಟವರು ಮಧ್ಯಾಹ್ನ ಮೂರಕ್ಕೆ ಸೋಲುತ್ತಾರೆ. ಪಾರ್ಕ್ ದೊಡ್ಡದು. ಮೆಡಿಟರೇನಿಯಾ ಎಂಬ ಭಾಗದಿಂದ ಒಳಹೊಕ್ಕರೆ ಪಾಲಿನೇಷ್ಯಾ, ಚೀನಾ, ಮೆಕ್ಸಿಕೊ, ಫಾರ್ ವೆಸ್ಟ್ ಎಂದು ಸುತ್ತಿ ಅಲ್ಲಿಗೇ ಬರಬೇಕು. ನೆರಳು ಅಲ್ಲಲ್ಲಿ ಮಾತ್ರ. ಸಾಮಾನ್ಯವಾಗಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ಜುಲೈ-ಆಗಸ್ಟ್‌ನಲ್ಲಿ ರಾತ್ರಿ ತಡವಾಗಿ ಮುಚ್ಚುತ್ತದೆ, ಮೇ-ಜೂನ್‌ನಲ್ಲಿ ಬೇಗ. ನಿಮ್ಮ ದಿನಾಂಕದ ವೇಳೆಯನ್ನು ಪಾರ್ಕಿನ ಕ್ಯಾಲೆಂಡರಿನಲ್ಲಿ ನೋಡದೆ ಟಿಕೆಟ್ ಮಾಡಬೇಡಿ. ದಿನಾಂಕ ನಮೂದಿಸಿದ ಟಿಕೆಟನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡರೆ ಗೇಟಿನ ದರಕ್ಕಿಂತ ಅಗ್ಗ.

ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ಗೇಟಿನ ಬಳಿ ಇರಿ. ಒಳಗೆ ಹೋದವರೆಲ್ಲ ಕಣ್ಣಿಗೆ ಮೊದಲು ಬೀಳುವ ಫೂರಿಯುಸ್ ಬಾಕೊ ಸಾಲಿಗೆ ಸೇರಿಕೊಳ್ಳುತ್ತಾರೆ. ನೀವು ನಿಲ್ಲದೆ ನೇರ ಚೀನಾ ಭಾಗಕ್ಕೆ ನಡೆಯಿರಿ. ಶಂಭಾಲಾ, ಡ್ರ್ಯಾಗನ್ ಖಾನ್ ಎರಡೂ ಅಲ್ಲೇ ಇವೆ, ಮೊದಲ ಒಂದು ಗಂಟೆಯಲ್ಲಿ ಮುಗಿಸಬಹುದು. ಎತ್ತರ ಸಾಲದ ಮಗು ಇರುವಾಗ ತಂದೆ ತಾಯಿ ಸರದಿಯಲ್ಲಿ ಹೋಗಬೇಕಾಗುತ್ತದೆ. ಎರಡನೆಯವರು ಮತ್ತೆ ಸಾಲು ನಿಲ್ಲದಂತೆ ವ್ಯವಸ್ಥೆ ಇದೆಯೇ ಎಂದು ಆಯಾ ಸವಾರಿಯ ಸಿಬ್ಬಂದಿಯನ್ನು ಕೇಳಿ. ನೀರಿನ ಸವಾರಿಗಳ ಸಾಲು ಮಧ್ಯಾಹ್ನ ಒಂದರಿಂದ ಐದರವರೆಗೆ ಅತಿ ಉದ್ದ, ಏಕೆಂದರೆ ಸೆಕೆಗೆ ಎಲ್ಲರಿಗೂ ಒಂದೇ ಯೋಚನೆ ಬರುತ್ತದೆ. ಹನ್ನೆರಡರೊಳಗೆ ಅಥವಾ ಸಂಜೆ ಆರರ ಮೇಲೆ ಹೋಗಿ. ಆ ನಡುಮಧ್ಯಾಹ್ನ ಒಳಾಂಗಣ ಪ್ರದರ್ಶನಗಳಿಗೆ, ಊಟಕ್ಕೆ, ಸುಮ್ಮನೆ ಕೂರುವುದಕ್ಕೆ. ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ತುಂಬ ದುಬಾರಿ, ತಲೆಗೊಂದು ಬೇಕು. ಆಗಸ್ಟ್‌ನಲ್ಲಿ ಒಂದೇ ದಿನ ಇದ್ದರೆ ಯೋಚಿಸಿ, ಎರಡು ದಿನವಿದ್ದು ಜೂನ್‌ನಲ್ಲಿ ಹೋಗುವವರಿಗೆ ಬೇಡವೇ ಬೇಡ.

ಎರಡು ದಿನಗಳನ್ನು ಬೆನ್ನಿಗೆ ಬೆನ್ನು ಇಡಬೇಡಿ. ನಡುವೆ ಒಂದು ದಿನ ಕಡಲಿಗೆ ಬಿಡಿ. ಮೊದಲ ದಿನವೇ ಪಾರ್ಕಿಗೆ ಹೋಗುವುದೂ ತಪ್ಪು. ಬೇಸಿಗೆಯಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಸಂಜೆ ಏಳಕ್ಕೇ ಮಕ್ಕಳು ತೂಕಡಿಸುತ್ತಾರೆ.

ಪಾರ್ಕ್ ಹೋಟೆಲೋ, ಊರೋ

ಪಾರ್ಕಿನ ಹೋಟೆಲುಗಳಲ್ಲಿ ಉಳಿದವರಿಗೆ ಇರುವಷ್ಟು ದಿನ ಪೋರ್ಟ್‌ಅವೆಂತೂರಾ ಪ್ರವೇಶ ಕೋಣೆಯ ದರದಲ್ಲೇ ಸೇರಿರುತ್ತದೆ. ನಾಲ್ಕು ಜನರ ಟಿಕೆಟ್ ಹಣ ಕಳೆದು ನೋಡಿದರೆ ಎರಡು ರಾತ್ರಿಗೆ ಇದು ಲಾಭವೇ. ಏಳು ರಾತ್ರಿಗೆ ಅಲ್ಲ, ಏಕೆಂದರೆ ಅಲ್ಲಿಂದ ಸಮುದ್ರ ಕಾಲ್ನಡಿಗೆಗೆ ದೂರ, ಅಡುಗೆಗೆ ಜಾಗವೂ ಇಲ್ಲ. ಎರಡು ರಾತ್ರಿ ಅಲ್ಲಿ, ಐದು ರಾತ್ರಿ ಸಾಲೌ ಊರಿನಲ್ಲಿ ಎಂದು ಮಾಡಿದರೂ ಸರಿ, ಪೆಟ್ಟಿಗೆ ಕಟ್ಟುವ ರಗಳೆ ಬೇಡವೆಂದರೆ ಪೂರ್ತಿ ಊರಿನಲ್ಲೇ ಇರಿ.

ಊರಿನಲ್ಲಿ ಯೆವಾಂತ್ ಕಡಲತೀರದ ಹಿಂದಿನ ಎರಡು-ಮೂರು ಬೀದಿಗಳು ಅನುಕೂಲ. ಮರಳು ನಯ, ನೀರು ನಿಧಾನವಾಗಿ ಆಳವಾಗುತ್ತದೆ, ಆರು ವರ್ಷದವರಿಗೆ ಹೇಳಿ ಮಾಡಿಸಿದ್ದು. ಶಾಂತವಾಗಿರಬೇಕು ಎನ್ನುವವರು ಪಕ್ಕದ ಮೀನುಗಾರರ ಊರು ಕಂಬ್ರಿಲ್ಸ್ ನೋಡಬಹುದು. ದಡದಲ್ಲಿ ಹಸಿರು ಬಾವುಟವಿದ್ದರೆ ಇಳಿಯಿರಿ, ಹಳದಿಯಿದ್ದರೆ ಮೊಣಕಾಲಿನವರೆಗೆ, ಕೆಂಪಿದ್ದರೆ ಇಲ್ಲವೇ ಇಲ್ಲ. ಈಜುಕೊಳ, ಜಲಕ್ರೀಡಾ ಪಾರ್ಕ್‌ಗಳಲ್ಲಿ ಹತ್ತಿಯ ಟೀಶರ್ಟು, ಚಡ್ಡಿ ಹಾಕಿಕೊಂಡು ಇಳಿಯಲು ಬಿಡದಿರಬಹುದು. ಮೈಮುಚ್ಚುವ ಲೈಕ್ರಾ ಈಜುಡುಗೆ ಇಲ್ಲಿಂದಲೇ ಕೊಂಡು ಹೋಗಿ, ಜಿಪ್ ಇಲ್ಲದ್ದು. ಮಧ್ಯಾಹ್ನದ ಬಿಸಿಲಿಗೆ ನಮ್ಮ ಮೈಬಣ್ಣವೂ ಸುಡುತ್ತದೆ, ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು.

ಸಾಲೌ ಇರುವ ಕತಲೂನ್ಯಾ ಪ್ರಾಂತ್ಯದಲ್ಲಿ ವಾಸ್ತವ್ಯಕ್ಕೆ ಪ್ರವಾಸಿ ತೆರಿಗೆ ಇದೆ. 17 ತುಂಬಿದವರಿಗೆ ಮಾತ್ರ, ಗರಿಷ್ಠ ಏಳು ರಾತ್ರಿಗೆ. ಬುಕಿಂಗ್ ಹಣದಲ್ಲಿ ಸೇರಿರದೆ ಅಲ್ಲೇ ಕೇಳಿದರೆ ಮೋಸವೆಂದು ಜಗಳಕ್ಕೆ ನಿಲ್ಲಬೇಡಿ. ‘ಮೇದಿಯಾ ಪೆನ್ಸಿಯೋನ್’ ಅಂದರೆ ತಿಂಡಿ ಮತ್ತು ರಾತ್ರಿಯೂಟ. ರಾತ್ರಿ ಊಟದ ಜೊತೆ ನೀರಿನ ಬಾಟಲಿಗೂ ಬೇರೆ ಬಿಲ್ ಬರುವುದುಂಟು.

ಊಟ

ಸಸ್ಯಾಹಾರಿಗಳು ಅಡುಗೆಮನೆಗೇ ಆದ್ಯತೆ ಕೊಡಬೇಕು ಎಂದದ್ದು ಇದಕ್ಕೇ: ಸ್ಪೇನಿನಲ್ಲಿ ‘ತರಕಾರಿ’ ಎಂದು ಬರೆದದ್ದೆಲ್ಲ ನಮ್ಮ ಅರ್ಥದ ಸಸ್ಯಾಹಾರವಲ್ಲ. ‘ವೆಹೆತಾಲ್’ ಎಂಬ ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ ಮೀನೂ ಮೊಟ್ಟೆಯೂ ಇರುತ್ತವೆ. ಸಲಾಡಿನ ಮೇಲೆ ಕೇಳದೆಯೇ ಟ್ಯೂನಾ ಹಾಕುತ್ತಾರೆ. ತರಕಾರಿ ಪಯೇಯಾ ಅನ್ನವನ್ನು ಕೋಳಿ ಅಥವಾ ಮೀನಿನ ಸಾರಿನಲ್ಲಿ ಬೇಯಿಸಿರಬಹುದು. ಬೇಳೆ, ಕಡಲೆಯ ಪಲ್ಯದಂಥವುಗಳಲ್ಲಿ ಹಂದಿಮಾಂಸದ ತುಂಡು ಸಾಮಾನ್ಯ. ತೊರ್ತೀಯಾ ಎಂದರೆ ಅಲ್ಲಿ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಆತೂನ್, ಸಿನ್ ಹಾಮೋನ್’ (ಮಾಂಸ, ಮೀನು, ಟ್ಯೂನಾ, ಹಂದಿಮಾಂಸ ಬೇಡ) ಎಂದು ಒಂದೊಂದಾಗಿ ಹೇಳಬೇಕು. ಮೊಟ್ಟೆಯೂ ಬೇಡವಾದರೆ ‘ಸಿನ್ ವೇವೊ’ ಸೇರಿಸಿ. ಧೈರ್ಯವಾಗಿ ತಿನ್ನಬಹುದಾದವು: ಟೊಮ್ಯಾಟೊ ಉಜ್ಜಿದ ಬ್ರೆಡ್, ಹುರಿದ ಪದ್ರೋನ್ ಮೆಣಸಿನಕಾಯಿ, ಸುಟ್ಟ ಬದನೆ-ದೊಣ್ಣೆಮೆಣಸಿನ ಎಸ್ಕಲಿವಾದಾ (ಮೇಲೆ ಮೀನು ಇಡಬೇಡಿ ಎಂದು ಹೇಳಿ), ತಣ್ಣನೆಯ ಟೊಮ್ಯಾಟೊ ಸೂಪ್ ಗಸ್ಪಾಚೊ. ರೆಸ್ಟೊರೆಂಟುಗಳಲ್ಲಿ ಮಧ್ಯಾಹ್ನದೂಟ ಒಂದೂವರೆಗೆ, ರಾತ್ರಿಯೂಟ ಎಂಟೂವರೆಯ ಮೇಲೆ. ಅಕ್ಕಿ, ಮೊಸರು, ತರಕಾರಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತವೆ. ಭಾನುವಾರ ಹಲವು ಅಂಗಡಿ ಮುಚ್ಚಿರುವುದರಿಂದ ಶನಿವಾರವೇ ತಂದಿಡಿ.

ತಲುಪುವ ದಾರಿ, ಮೊದಲ ಕೆಲಸ

ರೈಲಿನಲ್ಲಿ ಒಂದು ಬಲೆ ಇದೆ. ‘ಕಾಂಪ್ ದೆ ತರ್ರಗೋನಾ’ ಎಂಬ ಅತಿವೇಗದ ರೈಲಿನ ನಿಲ್ದಾಣ ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ. ಬಾರ್ಸಿಲೋನಾದಿಂದ ಅರ್ಧ-ಮುಕ್ಕಾಲು ಗಂಟೆ ಅಷ್ಟೇ. ಆದರೆ ಅದು ಊರಿನಿಂದಾಚೆ ಬಯಲಿನಲ್ಲಿದೆ, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಬೇಕು. ನಿಮಗೆ ಬೇಕಾದದ್ದು ಬಾರ್ಸಿಲೋನಾದ ಸಾಂಟ್ಸ್ ನಿಲ್ದಾಣದಿಂದ ಸಾಲೌ-ಪೋರ್ಟ್‌ಅವೆಂತೂರಾಗೆ ಹೋಗುವ ಪ್ರಾದೇಶಿಕ ರೈಲು. ಕಂಬ್ರಿಲ್ಸ್ ಕಡೆಗಿದ್ದ ಹಳೆಯ ಕರಾವಳಿ ಹಳಿ 2020ರ ಜನವರಿಯಲ್ಲಿ ಮುಚ್ಚಿದೆ, ಹಳೆಯ ಬರಹ ನೋಡಿ ಆ ಹಳಿಯ ನಿಲ್ದಾಣಗಳಿಗೆ ಟಿಕೆಟ್ ಹುಡುಕಬೇಡಿ. ಮಕ್ಕಳು, ಪೆಟ್ಟಿಗೆ ಎರಡೂ ಇರುವವರಿಗೆ ಬಾರ್ಸಿಲೋನಾ ವಿಮಾನ ನಿಲ್ದಾಣದಿಂದಲೇ ಸಾಲೌಗೆ ಹೋಗುವ ಪ್ಲಾನಾ ಕಂಪನಿಯ ಬಸ್ ಸುಲಭ. ಕಾರು ಬಾಡಿಗೆಗೆ ಪಡೆದರೆ 1.35 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ.

ಇದೆಲ್ಲಕ್ಕೂ ಮೊದಲು ಷೆಂಗೆನ್ ವೀಸಾ. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನ ಕೇಂದ್ರದಲ್ಲಿ ಏಪ್ರಿಲ್-ಮೇ ಪ್ರಯಾಣದ ಅಪಾಯಿಂಟ್‌ಮೆಂಟ್ ಬೇಗ ತುಂಬುವುದರಿಂದ ಜನವರಿಯಲ್ಲೇ ಹಿಡಿಯಿರಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45, ಆರಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆಯನ್ನಷ್ಟೇ ಬುಕ್ ಮಾಡಿ. ಪಾರ್ಕಿನ ಟಿಕೆಟ್ ಹಣ ಸಾಮಾನ್ಯವಾಗಿ ವಾಪಸು ಬರುವುದಿಲ್ಲ, ಅದನ್ನು ಕೊನೆಗೆ ಕೊಳ್ಳಿ.